ನಿಮಗಿದು ಗೊತ್ತೇ? – ಕಣ್ಣಿನ ಎತ್ತರ, ಅಧಿಕಾರದ ಎತ್ತರ

ಲಿಂಗದಹಳ್ಳಿಯ ಸಮತಟ್ಟಾದ ಹೊಲದಲ್ಲಿ ನಿಂತು ಚಿತ್ರ ಬರೆಯುತ್ತಿದ್ದೀರಿ ಎನ್ನಿ. ನಿಮ್ಮಷ್ಟೇ ಎತ್ತರದವರು ಹತ್ತು ಮಾರು ದೂರವಿರಲಿ, ನೂರು ಮಾರಿರಲಿ, ಎಲ್ಲರ ಕಣ್ಣೂ ಒಂದೇ ಗೆರೆಗೆ ಬರುತ್ತದೆ. ಅದೇ ದಿಗಂತದ ಗೆರೆ. ಗುಡ್ಡ ಮರೆಮಾಡಿದರೂ ಅದಿರುವುದು ನಿಮ್ಮ ಕಣ್ಣಿನ ಮಟ್ಟದಲ್ಲೇ. ದೂರ ಹೋದಂತೆ ಮೇಲೇರುವುದು ಅವರ ಪಾದ ಮಾತ್ರ. ನೀವು ಬದುವಿನ ಪಕ್ಕ ಕುಳಿತರೆ ಎಲ್ಲರ ತಲೆಯೂ ಗೆರೆ ದಾಟುತ್ತದೆ. ಘಾಟಿ ಹತ್ತಿ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಹೋದರೋ, ಊರು, ತೋಟ, ಜನ ಸಮಸ್ತವೂ ಗೆರೆಯ ಕೆಳಗೆ! ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ಬಿಡಾರ ಇದ್ದದ್ದು ಅಲ್ಲೇ.

ಆದರೆ ಎಲ್ಲ ಕಲೆಯೂ ಈ ಗೆರೆಗೆ ಕಟ್ಟುಬಿದ್ದಿಲ್ಲ. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಾಲಯವಿದೆ. ಅದರ ರಾಮಾಯಣ, ಭಾರತದ ಕಥಾಫಲಕಗಳಲ್ಲಿ ಮರ, ಮಂಟಪಗಳು ಆಳೆತ್ತರವನ್ನು ಹೆಚ್ಚೇನೂ ಮೀರುವುದಿಲ್ಲ. ಕಥೆಯಲ್ಲಿ ಯಾರು ಮುಖ್ಯವೋ ಅವರಿಗೇ ಜಾಗ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಲ್ಲಿಲೂರು ಕಾಳಗದ ಚಿತ್ರ ನೋಡಿದ್ದೀರಾ? ದೂರದ್ದು ಚಿಕ್ಕದು ಎಂಬ ನಿಯಮ ಅಲ್ಲಿ ನಡೆಯದು. ಕುದುರೆಯೇರಿದ ಟಿಪ್ಪು ಗುಲಾಬಿ ಹಿಡಿದು ನೆಮ್ಮದಿಯಾಗಿದ್ದಾನೆ. ಚೌಕ ವ್ಯೂಹದ ನಡುವೆ ಗಾಯಗೊಂಡ ಬ್ರಿಟಿಷ್ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಮುದುಡಿದ್ದಾನೆ, ಮದ್ದಿನ ಬಂಡಿ ಸಿಡಿಯುತ್ತಿದೆ. ಇದು ಅಳತೆ ಬಾರದವರ ಕೈ ಎಂದರೆ ನಾನು ಒಪ್ಪುವುದಿಲ್ಲ. ಯಾರು ದೊಡ್ಡವರು ಎಂದು ತೀರ್ಮಾನಿಸಿಯೇ ಅದನ್ನು ಬರೆಯಲಾಗಿದೆ.

ಮುಂದೆ ಟಿಪ್ಪುವನ್ನು ಗೆದ್ದ ಬ್ರಿಟಿಷರ ಲೆಕ್ಕ ಬೇರೆ. ಅವರ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ಮೈಸೂರು ಸೀಮೆಯ ದುರ್ಗಗಳನ್ನು ಬರೆದು 1794ರಲ್ಲಿ ಪುಸ್ತಕ ಮಾಡಿದ. ಅವುಗಳಲ್ಲಿ ಕೋಟೆ ದೂರದಲ್ಲಿ ತಣ್ಣಗಿರುತ್ತದೆ, ಮುಂದಿನ ನೆಲ ನೋಡುವವನದು.

ಅಂದಹಾಗೆ, ಬ್ರಿಟನ್ನಿನ ವೂಲಿಚ್ ಸೇನಾ ಅಕಾಡೆಮಿಯಲ್ಲಿ ಫಿರಂಗಿ ದಳದ ಹುಡುಗರಿಗೆ ಚಿತ್ರಕಲೆಯೂ ಪಾಠವಾಗಿತ್ತು. 1768ರಿಂದ ಅಲ್ಲಿ ಕಲಿಸಿದವರು ನಿಸರ್ಗಚಿತ್ರಕ್ಕೆ ಹೆಸರಾದ ಪಾಲ್ ಸ್ಯಾಂಡ್‌ಬಿ. ಗುಡ್ಡದ ಏರು, ದೂರ ಕಣ್ಣಿಗೆ ಸಿಕ್ಕರೆ ಗುರಿಯೂ ಸಿಕ್ಕಂತೆ.

ಟಿಪ್ಪು ಮಡಿದ ಮೇಲೆ ಮೈಸೂರನ್ನು ಅಳೆದವರು ಕಾಲಿನ್ ಮೆಕೆಂಜಿ. ಥಾಮಸ್ ಹಿಕಿ 1816ರಲ್ಲಿ ಬರೆದ ಅವರ ಭಾವಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹಿಂದೆ ಗುಡ್ಡದ ಮೇಲೆ ಗೊಮ್ಮಟ, ನಡುವೆ ಕೆಂಪು ಕೋಟಿನ ಮೆಕೆಂಜಿ, ಸುತ್ತ ಮೂವರು ಭಾರತೀಯ ಸಹಾಯಕರು. ದುರ್ಬೀನು ಮಾತ್ರ ಅವರಲ್ಲೊಬ್ಬರ ಕೈಯಲ್ಲಿದೆ.