ಸಹಾಯಾರ್ಥ ತಂಬೋಲಾ: ಸದುದ್ದೇಶವೊಂದೇ ಸಾಲದು

ವರ್ತಕರ ಸಂಘದ ವಾರ್ಷಿಕೋತ್ಸವವಿರಲಿ, ಸೇವಾ ಸಂಸ್ಥೆಯ ಕುಟುಂಬ ಮಿಲನವಿರಲಿ, ಶಾಲಾ ಕಟ್ಟಡ ನಿಧಿಯ ಸಂಗ್ರಹವಿರಲಿ, ಕಾರ್ಯಕ್ರಮ ಪಟ್ಟಿಯಲ್ಲಿ ತಂಬೋಲಾಕ್ಕೆ ಒಂದು ಸ್ಥಾನ ಇದ್ದೇ ಇರುತ್ತದೆ. ಬ್ರಿಟನ್ನಿನಲ್ಲಿ ಬಿಂಗೊ ಎನಿಸಿಕೊಂಡ ಈ ಆಟ ನಮ್ಮಲ್ಲಿ ಹೌಸಿ ಎಂದೂ ಪರಿಚಿತ. ಟಿಕೆಟ್ಟಿನಲ್ಲಿ 15 ಸಂಖ್ಯೆಗಳು; 1ರಿಂದ 90ರವರೆಗೆ ಒಂದೊಂದಾಗಿ ಕೂಗಿದ ಸಂಖ್ಯೆಗಳನ್ನು ಗುರುತಿಸುತ್ತ ಹೋಗುವುದು; ಮೊದಲು ಸಾಲು, ಕೊನೆಗೆ ಫುಲ್ ಹೌಸ್. ಟಿಕೆಟ್ ಹಣದ ಒಂದಂಶ ಬಹುಮಾನಕ್ಕೆ, ಉಳಿದುದು ಧರ್ಮಕಾರ್ಯಕ್ಕೆ. ಇದರಲ್ಲಿ ತಪ್ಪೇನಿದೆ ಎಂಬುದು ಸಂಘಟಕರ ಸಹಜ ಪ್ರಶ್ನೆ. ಆದರೆ ಕಾನೂನು ಮೊದಲು ನೋಡುವುದು ಆಟದ ಸ್ವರೂಪವನ್ನು, ಉದ್ದೇಶವನ್ನಲ್ಲ.

ಕಾಯ್ದೆಯ ದೃಷ್ಟಿ

ಬಹುಮಾನ, ಅದೃಷ್ಟ ಮತ್ತು ಭಾಗವಹಿಸಲು ತೆರುವ ಹಣ - ಈ ಮೂರೂ ಕೂಡಿದಲ್ಲಿ ಜೂಜು ಅಥವಾ ಲಾಟರಿಯ ಪ್ರಶ್ನೆ ಏಳುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 79 ಮತ್ತು 80ನೆಯ ಪ್ರಕರಣಗಳು ಜೂಜುಕಟ್ಟೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಅಪರಾಧವೆನ್ನುತ್ತವೆ. 176ನೆಯ ಪ್ರಕರಣವು ಶುದ್ಧ ಕೌಶಲದ ಆಟಗಳಿಗೆ ವಿನಾಯಿತಿ ನೀಡುತ್ತದೆಯಾದರೂ, ಕೂಗಿದ ಸಂಖ್ಯೆಯನ್ನು ಗುರುತಿಸುವುದಷ್ಟೇ ಕೆಲಸವಾದ ತಂಬೋಲಾಕ್ಕೆ ಆ ಆಶ್ರಯ ದೊರೆಯುವುದು ಕಷ್ಟ.

ಆಟದ ಸ್ಥಳ ಅಥವಾ ಸಲಕರಣೆಯಿಂದ ಯಾರಿಗಾದರೂ ಲಾಭವಾಗುತ್ತಿದೆಯೇ ಎಂಬುದು ಜೂಜುಕಟ್ಟೆಯ ವ್ಯಾಖ್ಯೆಯ ತಿರುಳು. 1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಆಟಕ್ಕೆ ಸಂಬಂಧಿಸಿದ ಸತ್ಯನಾರಾಯಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸೌಲಭ್ಯಗಳಿಗಾಗಿ ಕ್ಲಬ್ಬು ಸದಸ್ಯರಿಂದ ಪಡೆಯುವ ಸಾಧಾರಣ ಶುಲ್ಕವನ್ನು ಅಂಥ ಲಾಭವೆಂದು ಎಣಿಸಲಿಲ್ಲ. ಆದರೆ ಟಿಕೆಟ್ ಹಣದಲ್ಲೇ ಪಾಲು ಉಳಿಸಿಕೊಳ್ಳುವುದು ಬೇರೆ ಮಾತು. ಹಣ ಅನಾಥಾಲಯಕ್ಕೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ವಿವಾದಕ್ಕೆ ಎಡೆಯಿದೆ.

ಸಹಾಯಾರ್ಥ ಚೀಟಿ ಎತ್ತುವ ರ‍್ಯಾಫಲ್‌ಗೂ ತೊಡಕು ಉಂಟು. ಭಾರತೀಯ ನ್ಯಾಯ ಸಂಹಿತೆಯ 297ನೆಯ ಪ್ರಕರಣದಂತೆ, ರಾಜ್ಯ ಸರ್ಕಾರದ್ದಲ್ಲದ ಅಥವಾ ಅದರ ಅಧಿಕಾರ ಪಡೆಯದ ಲಾಟರಿ ಎತ್ತುವ ಸ್ಥಳ ಇಟ್ಟುಕೊಳ್ಳುವವರಿಗೆ 6 ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಅದರ ಪ್ರಕಟಣೆ ಹೊರಡಿಸಿದವರಿಗೆ 5,000 ರೂ.ವರೆಗೆ ದಂಡ. ಜೂಜು ನಡೆಸುವುದು ಸಂವಿಧಾನದತ್ತ ವ್ಯಾಪಾರ ಸ್ವಾತಂತ್ರ್ಯದ ವ್ಯಾಪ್ತಿಗೆ ಬರುವುದಿಲ್ಲವೆಂದು 1957ರಲ್ಲಿಯೇ ಚಮಾರ್‌ಬಾಗ್‌ವಾಲಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ಪತ್ರಿಕೆಯೊಂದರ ಪದಬಂಧ ಸ್ಪರ್ಧೆಯೇ ಆ ವ್ಯಾಜ್ಯದ ಮೂಲವೆಂಬುದು ಗಮನಾರ್ಹ.

ಬ್ರಿಟನ್ನಿನ ಸ್ಪಷ್ಟತೆ

ಬ್ರಿಟನ್ನಿನ ಜೂಜು ಕಾಯ್ದೆ, 2005 ಇಂಥ ಆಟಗಳಿಗೆ ಪ್ರತ್ಯೇಕ ದಾರಿ ತೋರಿಸಿದೆ. ಖಾಸಗಿ ಲಾಭವಿಲ್ಲದ ಕಾರ್ಯಕ್ರಮದಲ್ಲಿ, ಎಲ್ಲರಿಗೂ ಸಮಾನ ಅವಕಾಶವಿರುವ ಆಟಕ್ಕೆ ಒಬ್ಬರಿಂದ ದಿನಕ್ಕೆ ಪಡೆಯಬಹುದಾದ ಹಣ ಗರಿಷ್ಠ 8 ಪೌಂಡು. ಒಟ್ಟು ಬಹುಮಾನ ಸಾಮಾನ್ಯವಾಗಿ 600 ಪೌಂಡು ಮೀರಕೂಡದು. ಹಣ ಯಾವ ಕಾರ್ಯಕ್ಕೆ ಸಲ್ಲುತ್ತದೆಂದು ಆಟಗಾರರಿಗೆ ತಿಳಿಸಬೇಕು. ಸಣ್ಣ ಸಂಘಗಳ ಲಾಟರಿಗೆ ಸ್ಥಳೀಯ ಪ್ರಾಧಿಕಾರದಲ್ಲಿ ನೋಂದಣಿ ಬೇಕು. ಸಂಗ್ರಹದ ಕನಿಷ್ಠ ಶೇ. 20 ಭಾಗ ಸಂಘದ ಉದ್ದೇಶಕ್ಕೆ ಸಲ್ಲಬೇಕು. ಮಿತಿ ಸಣ್ಣದು, ನಿಯಮ ಸರಳ, ಸಂಘಟಕರಿಗೆ ಅಳುಕಿಲ್ಲ. ನಮ್ಮಲ್ಲಿಯೂ ಇಂಥ ಮಿತಿಗಳು ರೂಪುಗೊಂಡರೆ ಪ್ರಾಮಾಣಿಕ ಸಂಸ್ಥೆಗಳಿಗೆ ನೆಮ್ಮದಿ, ಸೇವೆಯ ಸೋಗಿನಲ್ಲಿ ಜೂಜಾಡಿಸುವವರಿಗೆ ಕಡಿವಾಣ.

ಮಳಿಗೆಯ ಲಕ್ಕಿ ಡ್ರಾ

ಹಬ್ಬದ ಖರೀದಿಗೆ ಕೂಪನ್ ನೀಡುವ ವರ್ತಕರೂ ಎಚ್ಚರ ವಹಿಸಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಮಾರಾಟ ಹೆಚ್ಚಿಸಲು ಲಾಟರಿ ಅಥವಾ ಅದೃಷ್ಟದ ಆಟ ನಡೆಸುವುದು, ನಿಯಮಗಳಲ್ಲಿ ವಿನಾಯಿತಿ ಇಲ್ಲದ ಹೊರತು, ಅನುಚಿತ ವ್ಯಾಪಾರ ಪದ್ಧತಿ. ಬಹುಮಾನ ಯೋಜನೆಯ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮರೆಮಾಚುವುದೂ ಹಾಗೆಯೇ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಹಣ ಕಟ್ಟಿಸಿಕೊಂಡು ಆಡಿಸುವ ತಂಬೋಲಾದ ಅಪಾಯ ಇನ್ನೂ ಹೆಚ್ಚು. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸಿದೆ. ನಡೆಸುವವರಿಗೆ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂ.ವರೆಗೆ ದಂಡ ವಿಧಿಸಬಹುದು.

ಸಂಘಟಕರ ಗಮನಕ್ಕೆ

1. ಸುರಕ್ಷಿತ ಮಾರ್ಗವೆಂದರೆ ಟಿಕೆಟನ್ನು ಉಚಿತವಾಗಿ ಹಂಚಿ, ಬಹುಮಾನಗಳನ್ನು ಪ್ರಾಯೋಜಕರಿಂದ ಪಡೆಯುವುದು. ದೇಣಿಗೆ ಕೊಟ್ಟವರಿಗೆ ಮಾತ್ರ ಟಿಕೆಟ್ ಎಂದರೆ ಅದು ಉಚಿತವಾಗದು.

2. ದೇಣಿಗೆಯನ್ನು ಪ್ರತ್ಯೇಕ ರಸೀದಿಯ ಮೂಲಕ, ಆಟಕ್ಕೆ ಸಂಬಂಧ ಕಲ್ಪಿಸದೆ ಸಂಗ್ರಹಿಸಬೇಕು.

3. ಟಿಕೆಟ್ ಮಾರುವ ಯೋಚನೆಯಿದ್ದರೆ ಮುಂಚಿತವಾಗಿ ವಕೀಲರ ಸಲಹೆ ಪಡೆದು, ಸಂಬಂಧಪಟ್ಟ ಅಧಿಕಾರಿಗಳಿಗೆ ಲಿಖಿತವಾಗಿ ಬರೆದು ಉತ್ತರ ಪಡೆಯಬೇಕು. ಸಭಾಂಗಣದ ಬಾಡಿಗೆ ರಸೀದಿ ಅನುಮತಿಯಲ್ಲ.

4. ಗೆಲುವಿನ ಮೊತ್ತ 10,000 ರೂ. ಮೀರಿದಲ್ಲಿ ಶೇ. 30ರಂತೆ ಮೂಲದಲ್ಲಿಯೇ ತೆರಿಗೆ ಮುರಿಯುವ ಹೊಣೆ ಬಹುಮಾನ ನೀಡುವವರದು. ಬಹುಮಾನ ಸ್ಕೂಟರಿನಂಥ ವಸ್ತುವಾದರೆ ತೆರಿಗೆ ಪಾವತಿಯಾದುದನ್ನು ಖಚಿತಪಡಿಸಿಕೊಂಡೇ ಹಸ್ತಾಂತರಿಸಬೇಕು.

5. ಪ್ರಾಯೋಜಕರು, ಬಹುಮಾನ ವಿಜೇತರು, ಜಮಾ-ಖರ್ಚು - ಎಲ್ಲವೂ ಸಂಘದ ದಾಖಲೆಯಲ್ಲಿರಬೇಕು.

ಪೊಲೀಸ್ ದೂರು ದಾಖಲಾದಲ್ಲಿ ಉತ್ತರಿಸಬೇಕಾದವರು ಪದಾಧಿಕಾರಿಗಳು. ಒಂದು ಸಂಜೆಯ ಸಂತೋಷಕ್ಕಾಗಿ ಹಲವು ವರ್ಷಗಳ ಸೇವೆಯಿಂದ ಗಳಿಸಿದ ಹೆಸರಿಗೆ ಕುಂದು ಬರಬಾರದು. ಮುಂದಿನ ಕಾರ್ಯಕ್ರಮದ ಆಹ್ವಾನಪತ್ರ ಮುದ್ರಣಕ್ಕೆ ಹೋಗುವ ಮುನ್ನವೇ ಈ ವಿಷಯ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಚರ್ಚೆಗೆ ಬರುವುದು ಲೇಸು.