ಮನಸ್ಸು ನೆಲೆ ನಿಂತರೆ ಪಾಠ ತಲೆಗೆ ಹತ್ತೀತು

ಮೊದಲ ಮಹಾಯುದ್ಧದ ನಂತರ ಲೀಗ್ ಆಫ್ ನೇಷನ್ಸ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳಲ್ಲಿ ದುಡಿಯಲು ಹಲವು ದೇಶಗಳ ಜನ ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಬಂದರು. ಅವರ ಮಕ್ಕಳಿಗೆಂದು 1924ರಲ್ಲಿ ಅಲ್ಲೊಂದು ಶಾಲೆ ಹುಟ್ಟಿಕೊಂಡಿತು. ಶಿಕ್ಷಣತಜ್ಞ ಅಡಾಲ್ಫ್ ಫೆರಿಯೇರ್ ಅವರ ಮನೆಯಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶುರುವಾದ ಆ ಇಂಟರ್‌ನ್ಯಾಷನಲ್ ಸ್ಕೂಲ್ ಆಫ್ ಜಿನೀವಾ ಇಂದು ಮೂರು ಕ್ಯಾಂಪಸ್‌ಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ ಕಲಿಸುತ್ತಿದೆ. 1968ರಲ್ಲಿ ಜಿನೀವಾದಲ್ಲೇ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯಟ್, ಅಂದರೆ ಐಬಿ ಪಠ್ಯಕ್ರಮದ ಹಿಂದೆಯೂ ಈ ಶಾಲೆಯ ಶಿಕ್ಷಕರ ಶ್ರಮವಿದೆ.

1926ರಲ್ಲಿ ಜವಾಹರಲಾಲ್ ನೆಹರೂ ಅವರ ಪತ್ನಿ ಕಮಲಾ ಅವರ ಕ್ಷಯರೋಗದ ಚಿಕಿತ್ಸೆಗಾಗಿ ಕುಟುಂಬ ಯುರೋಪಿಗೆ ಹೋದಾಗ ಮಗಳು, ಮುಂದೆ ಪ್ರಧಾನಿಯಾದ ಪುಟ್ಟ ಇಂದಿರಾ ಸೇರಿದ್ದು ಇದೇ ಶಾಲೆಗೆ. ತಾಯಿಗೆ ಕಾಯಿಲೆ, ಊರು ಹೊಸದು, ಸುತ್ತಲಿನ ಮಾತೂ ಹೊಸದು. ಅಂಥ ಹೊತ್ತಿನಲ್ಲಿ ಮಗುವಿಗೆ ಪಾಠ ಹೇಳಿದರಷ್ಟೇ ಸಾಲುವುದಿಲ್ಲ. ಮಗುವಿನ ನೆಮ್ಮದಿ ಬೇರೆಯಲ್ಲ, ಕಲಿಕೆ ಬೇರೆಯಲ್ಲ ಎಂಬ ತಿಳಿವಳಿಕೆಯ ಮೇಲೆಯೇ ಒಳ್ಳೆಯ ಅಂತರರಾಷ್ಟ್ರೀಯ ಶಾಲೆಗಳ ಇಂದಿನ ವ್ಯವಸ್ಥೆ ನಿಂತಿದೆ.

ಇಂಥ ಶಾಲೆಗಳಲ್ಲಿ ಮಕ್ಕಳು ಬರುತ್ತಲೂ ಹೋಗುತ್ತಲೂ ಇರುತ್ತಾರೆ. ಅಪ್ಪನಿಗೋ ಅಮ್ಮನಿಗೋ ವರ್ಗವಾದರೆ ಗೆಳೆತನವೂ ಅಲ್ಲಿಗೇ ಕಡಿಯುತ್ತದೆ. ಹೆತ್ತವರ ದೇಶವೂ ಪೂರ್ತಿ ತನ್ನದಲ್ಲ, ಬೆಳೆದ ದೇಶವೂ ತನ್ನದಲ್ಲ ಎಂಬ ಸ್ಥಿತಿಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯುಸೀಮ್ 1950ರ ದಶಕದಲ್ಲಿ ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ನರ ನಡುವೆ ಅಧ್ಯಯನ ಮಾಡಿದರು. ಮಕ್ಕಳ ಈ ಸ್ಥಿತಿಯನ್ನು ಅರಿತೇ ಅನೇಕ ಶಾಲೆಗಳು ಹೊಸದಾಗಿ ಬಂದವರಿಗೆ ತರಗತಿಯ ಒಬ್ಬ ಜೊತೆಗಾರನನ್ನು ಗೊತ್ತುಮಾಡುತ್ತವೆ; ಬಿಟ್ಟುಹೋಗುವವರನ್ನು ಸರಿಯಾಗಿ ಬೀಳ್ಕೊಡುತ್ತವೆ. ಪ್ರತಿ ಮಗುವಿನ ಊಟ, ನಿದ್ದೆ, ಹಾಜರಿ, ಗೆಳೆತನಗಳ ಮೇಲೆ ಕಣ್ಣಿಡಲು ಒಬ್ಬ ಶಿಕ್ಷಕರಿರುತ್ತಾರೆ. ಅವರಾಚೆಗೆ ಆಪ್ತಸಮಾಲೋಚಕರು. ಮಗು ಹೇಳಿದ್ದನ್ನು ಅವರು ಗುಟ್ಟಾಗಿಡುತ್ತಾರೆ. ಜೀವಕ್ಕೆ ಅಪಾಯವಿದೆ, ಯಾರೋ ಹಿಂಸಿಸುತ್ತಿದ್ದಾರೆ ಎಂದು ಗೊತ್ತಾದಾಗ ಮಾತ್ರ ಸಂಬಂಧಪಟ್ಟವರಿಗೆ ತಿಳಿಸುತ್ತಾರೆ. ಈ ನಿಯಮವನ್ನು ಮೊದಲ ದಿನವೇ ಮಗುವಿಗೆ ಬಿಡಿಸಿ ಹೇಳುತ್ತಾರೆ.

ಇನ್ನು ಭಾಷೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಇಲ್ಲೊಂದು ಮುಖ್ಯವಾದ ವ್ಯತ್ಯಾಸವನ್ನು ತೋರಿಸಿಕೊಟ್ಟರು. ಆಟದ ಬಯಲಿನ ಮಾತು ಸುಮಾರು 2 ವರ್ಷದಲ್ಲಿ ನಾಲಿಗೆಗೆ ಬರುತ್ತದೆ. ವಿಜ್ಞಾನ, ಇತಿಹಾಸಗಳನ್ನು ಓದಿ ಬರೆಯುವ ಭಾಷೆ ಕೈಗೆ ಹತ್ತಲು 5ರಿಂದ 7 ವರ್ಷ ಬೇಕಾಗಬಹುದು. ಇದು ಗೊತ್ತಿಲ್ಲದ ಶಿಕ್ಷಕರು ಪಟಪಟನೆ ಮಾತಾಡುವ ಮಗು ಉತ್ತರಪತ್ರಿಕೆಯಲ್ಲಿ ಎಡವಿದರೆ ಸೋಮಾರಿ ಎಂದುಬಿಡುತ್ತಾರೆ. ಅನುಭವಿ ಶಾಲೆಗಳು ಹಾಗೆ ಮಾಡುವುದಿಲ್ಲ. ತೊಡಕಿರುವುದು ಹೊಸ ಭಾಷೆಯಲ್ಲೋ ಓದಿನಲ್ಲೋ ಎಂದು ತಿಳಿಯಲು ಮಗುವಿನ ಮನೆಮಾತಿನಲ್ಲೂ ಓದಿಸಿ ನೋಡುತ್ತವೆ. ಮನೆಯಲ್ಲಿ ನಿಮ್ಮ ಭಾಷೆಯನ್ನೇ ಆಡಿ ಎಂದು ಹೆತ್ತವರಿಗೂ ಹೇಳುತ್ತವೆ.

ಓದು-ಬರಹ ತೊಡಕಾಗುವ ಡಿಸ್ಲೆಕ್ಸಿಯಾದಂಥ ತೊಂದರೆಯಿದ್ದರೆ ಕಲಿಕಾ ನೆರವಿನ ಶಿಕ್ಷಕರು ಜೊತೆಗೂಡುತ್ತಾರೆ. ಮಗುವನ್ನು ಹೊರಗೆ ಕರೆದೊಯ್ಯುವುದಕ್ಕಿಂತ ಅದೇ ತರಗತಿಯಲ್ಲಿ ಪಕ್ಕದಲ್ಲಿ ಕೂತು ಪಾಠವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿಕೊಡುವುದೇ ಹೆಚ್ಚು. ಐಬಿ ಡಿಪ್ಲೊಮಾದ 2 ವರ್ಷಗಳಲ್ಲಿ 6 ವಿಷಯಗಳ ಜೊತೆಗೆ 4,000 ಪದಗಳವರೆಗಿನ ಸಂಶೋಧನಾ ಪ್ರಬಂಧವನ್ನೂ ಬರೆಯಬೇಕು. ಆ ಒತ್ತಡದಲ್ಲಿ, ತಜ್ಞರ ವರದಿಯಿರುವ ಮಗುವಿಗೆ ಪರೀಕ್ಷೆಯಲ್ಲಿ ಶೇ 25ರಷ್ಟು ಹೆಚ್ಚುವರಿ ಸಮಯ ಸಿಗಬಹುದು. ಇದು ರಿಯಾಯಿತಿಯಲ್ಲ, ನ್ಯಾಯ.

ಇಂಥ ಶಾಲೆಗಳ ಶುಲ್ಕ ಬಹುಪಾಲು ಕುಟುಂಬಗಳ ಕೈಗೆ ಎಟುಕದು, ನಿಜ. ಆದರೆ ಅವುಗಳ ಅತ್ಯಂತ ಬೆಲೆಬಾಳುವ ಪಾಠಕ್ಕೆ ದುಡ್ಡು ಬೇಕಿಲ್ಲ. ಕಲಬುರಗಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದವರ ಮಕ್ಕಳೂ ನಡುವರ್ಷದಲ್ಲಿ ಶಾಲೆ ಬದಲಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿ ಓದಿದವರು ಪಿಯುಸಿ ವಿಜ್ಞಾನಕ್ಕೆ ಸೇರಿ ಇಂಗ್ಲಿಷಿನ ಮುಂದೆ ಕುಗ್ಗಿಹೋಗುತ್ತಾರೆ. ಇವರಿಗೂ ಒಬ್ಬ ಜೊತೆಗಾರ ಬೇಕು, ವಿಚಾರಿಸುವ ಶಿಕ್ಷಕರು ಬೇಕು, ಕಲಿಯಲು ಕಾಲಾವಕಾಶ ಬೇಕು. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಗುರುತಿಸಿದೆ. ಹಾಗಾಗಿ ಹೆತ್ತವರು ಸಂಕೋಚಪಡದೆ ನೆರವು ಕೇಳಬೇಕು.

ಮಗು ಮಂಕಾಗಿದ್ದರೆ, ಓದಿನಲ್ಲಿ ದಿಢೀರನೆ ಹಿಂದೆ ಬಿದ್ದರೆ ಬೈಯುವ ಮೊದಲು ಕೂರಿಸಿಕೊಂಡು ಕೇಳಿ. ಮನೆಯಲ್ಲಿ ದಾರಿ ಕಾಣದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲೂ ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.