ಕಠಿಣ ಕ್ಷೇತ್ರಕಾರ್ಯಕ್ಕೆ ಸೌರ ಕೈಗಡಿಯಾರ: ಎಷ್ಟರಮಟ್ಟಿಗೆ ನಂಬಬಹುದು?

ಕಚೇರಿಯ ಗೋಡೆ ಗಡಿಯಾರ ಐದು ನಿಮಿಷ ಹಿಂದೆ ಬಿದ್ದರೆ ಆಗುವ ಹಾನಿ ಅಲ್ಪ. ಗಣಿಯಲ್ಲಿ ಸ್ಫೋಟಕ ಸಿಡಿಸಿದ ಬಳಿಕ ನಿಗದಿತ ಅವಧಿ ಕಳೆಯುವವರೆಗೆ ಕಾಯಬೇಕಾದ ಸಿಬ್ಬಂದಿಗೆ, ಎಲ್.ಸಿ. ಪಡೆದ ವೇಳೆಯನ್ನು ಬರೆದಿಟ್ಟುಕೊಂಡು ಕಂಬ ಏರುವ ಲೈನ್‌ಮನ್‌ಗೆ, ಕತ್ತಲಾಗುವ ಮುನ್ನ ಶಿಬಿರ ಸೇರಬೇಕಾದ ಅರಣ್ಯ ರಕ್ಷಕನಿಗೆ ಅದೇ ಐದು ನಿಮಿಷ ಪ್ರಾಣದ ಪ್ರಶ್ನೆಯಾಗಬಲ್ಲದು. ಮೊಬೈಲ್ ಫೋನ್ ಇರುವಾಗ ಕೈಗಡಿಯಾರವೇಕೆ ಎಂಬ ಪ್ರಶ್ನೆಗೂ ಇಂತಹ ಕಡೆ ಉತ್ತರವಿದೆ. ವಿದ್ಯುತ್ ಡಿಟೊನೇಟರುಗಳನ್ನು ಬಳಸುವ ಜಾಗದ ಸಮೀಪ ಮೊಬೈಲ್ ಒಯ್ಯುವಂತಿಲ್ಲ. ಎರಡು ಮೂರು ದಿನ ಕಾಡಿನಲ್ಲಿದ್ದರೆ ಅದನ್ನು ಚಾರ್ಜ್ ಮಾಡುವ ಅನುಕೂಲವಿಲ್ಲ. ಎರಡೂ ಕೈಗೆ ಕೆಲಸವಿರುವಾಗ ಜೇಬಿನಿಂದ ತೆಗೆದು ನೋಡಲು ಬಿಡುವಿಲ್ಲ.

ಇಂತಹ ಕೆಲಸಗಾರರಿಗೆ ಗಡಿಯಾರ ಒದಗಿಸುವ ಸಂಸ್ಥೆಗಳ ಮುಂದೆ ಈಗ ಸೌರಶಕ್ತಿಯ ಮಾದರಿಗಳೂ ಇವೆ. ಬ್ಯಾಟರಿ ಬದಲಿಸುವ ಗೋಜಿಲ್ಲ ಎಂಬುದು ಇವುಗಳ ಮುಖ್ಯ ಆಕರ್ಷಣೆ. ಈ ಮಾತು ಎಷ್ಟರಮಟ್ಟಿಗೆ ನಿಜ, ಎಲ್ಲಿ ಎಚ್ಚರಿಕೆ ಬೇಕು ಎಂಬುದನ್ನು ಖರೀದಿದಾರರೂ ಮಾರಾಟಗಾರರೂ ತಿಳಿದಿರುವುದು ಒಳಿತು.

ಬೆಳೆದು ಬಂದ ಬಗೆ

ಜಪಾನಿನ ಸೈಕೋ ಕಂಪನಿಯು 1969ರ ಡಿಸೆಂಬರಿನಲ್ಲಿ ಆಸ್ಟ್ರಾನ್ ಎಂಬ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಅದರ ಬೆನ್ನಲ್ಲೇ ಬ್ಯಾಟರಿಯ ಬದಲು ಬೆಳಕನ್ನು ಬಳಸುವ ಪ್ರಯತ್ನಗಳು ಆರಂಭವಾದವು. 1970ರ ದಶಕದ ಆರಂಭದಲ್ಲಿ ಅಮೆರಿಕದ ರೋಜರ್ ರೀಲ್ ಸಿಂಕ್ರೋನಾರ್ ಎಂಬ ಸೌರ ಗಡಿಯಾರವನ್ನು ರೂಪಿಸಿದರು. 1976ರಲ್ಲಿ ಸಿಟಿಜನ್ ಕಂಪನಿಯು ಮುಳ್ಳುಗಳುಳ್ಳ ಸೌರ ಗಡಿಯಾರವನ್ನು ಹೊರತಂದಿತು. ಅದೇ ಕಂಪನಿಯ ಇಕೋ-ಡ್ರೈವ್ ಮಾದರಿಗಳು 1995ರಲ್ಲಿ ಬಂದ ನಂತರ ಈ ತಂತ್ರಜ್ಞಾನ ವ್ಯಾಪಕವಾಗಿ ಬಳಕೆಗೆ ಬಂತು. ಕಠಿಣ ಬಳಕೆಗೆಂದೇ 1983ರಲ್ಲಿ ಜಿ-ಶಾಕ್ ಸರಣಿಯನ್ನು ಆರಂಭಿಸಿದ ಕ್ಯಾಸಿಯೋ, 1998ರಲ್ಲಿ ಆ ಸರಣಿಗೂ ಸೌರಶಕ್ತಿಯನ್ನು ಅಳವಡಿಸಿತು.

ಈ ಇತಿಹಾಸದೊಡನೆ ಕರ್ನಾಟಕಕ್ಕೂ ನಂಟಿದೆ. ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಕೈಗಡಿಯಾರ ತಯಾರಿಕೆಗೆ ಕೈಹಾಕಿದ್ದು ಇದೇ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದಿಂದ. ಕೀ ಕೊಡುವ ಎಚ್.ಎಂ.ಟಿ. ಗಡಿಯಾರಗಳು ದಶಕಗಳ ಕಾಲ ಸರ್ಕಾರಿ ನೌಕರರ ಮಣಿಕಟ್ಟಿನಲ್ಲಿದ್ದವು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಹೊಸೂರಿನಲ್ಲಿ ಕಾರ್ಖಾನೆ ಹೊಂದಿರುವ ಟೈಟಾನ್, 2011ರಲ್ಲಿ ಎಚ್.ಟಿ.ಎಸ್.ಇ. ಹೆಸರಿನಲ್ಲಿ ಬೆಳಕಿನಿಂದ ನಡೆಯುವ ಗಡಿಯಾರಗಳನ್ನು ಬಿಡುಗಡೆ ಮಾಡಿತು.

ಕೆಲಸ ಮಾಡುವ ವಿಧಾನ

ಸೌರ ಗಡಿಯಾರವೂ ಕ್ವಾರ್ಟ್ಸ್ ಗಡಿಯಾರವೇ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವೊಂದು ಎರಡರಲ್ಲಿಯೂ ಕಾಲವನ್ನು ಅಳೆಯುತ್ತದೆ. ವ್ಯತ್ಯಾಸವಿರುವುದು ವಿದ್ಯುತ್ತಿನ ಮೂಲದಲ್ಲಿ ಮಾತ್ರ. ಬೆಳಕು ತೂರಿಹೋಗುವಂತೆ ಮಾಡಿದ ಡಯಲಿನ ಕೆಳಗೆ ಅಥವಾ ಅದರ ಅಂಚಿನಲ್ಲಿ ಸಿಲಿಕಾನ್ ಸೌರಕೋಶವಿರುತ್ತದೆ. ಅಲ್ಲಿ ಉತ್ಪತ್ತಿಯಾದ ವಿದ್ಯುತ್ತು ಮತ್ತೆ ಮತ್ತೆ ಚಾರ್ಜ್ ಆಗಬಲ್ಲ ಪುಟ್ಟ ಲಿಥಿಯಂ ಕೋಶದಲ್ಲಿ ಶೇಖರವಾಗುತ್ತದೆ. ಆರಂಭದ ಕೆಲವು ಮಾದರಿಗಳಲ್ಲಿ ಕೋಶದ ಜಾಗದಲ್ಲಿ ಕೆಪಾಸಿಟರ್ ಇತ್ತು. ಅದು ಬೇಗನೆ ಶಕ್ತಿಗುಂದುತ್ತಿದ್ದುದರಿಂದ ಸೌರ ಗಡಿಯಾರಗಳಿಗೆ ಆ ಕಾಲದಲ್ಲಿ ಕೆಟ್ಟ ಹೆಸರು ಬಂದದ್ದೂ ಉಂಟು.

ಇಷ್ಟು ಸಣ್ಣ ಕೋಶ ತಿಂಗಳುಗಟ್ಟಲೆ ಹೇಗೆ ಸಾಲುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ಮುಳ್ಳುಗಳುಳ್ಳ ಸಾಧಾರಣ ಕ್ವಾರ್ಟ್ಸ್ ಯಂತ್ರ ಸುಮಾರು ಒಂದು ಮೈಕ್ರೋಆಂಪಿಯರ್ ವಿದ್ಯುತ್ತನ್ನು ಬಳಸುತ್ತದೆ ಎಂದು ಇಟ್ಟುಕೊಂಡರೆ, 24 ಗಂಟೆಗೆ 24 ಮೈಕ್ರೋಆಂಪಿಯರ್-ಗಂಟೆ, 180 ದಿನಗಳಿಗೆ ಸುಮಾರು 4.3 ಮಿಲಿಆಂಪಿಯರ್-ಗಂಟೆ ಆಗುತ್ತದೆ. ಗುಂಡಿಯಾಕಾರದ ಚಿಕ್ಕ ಕೋಶವೊಂದು ಇಷ್ಟನ್ನು ಹಿಡಿದಿಡಬಲ್ಲದು. ಆದುದರಿಂದಲೇ ಪೂರ್ತಿ ಚಾರ್ಜ್ ಆದ ಅನೇಕ ಸೌರ ಗಡಿಯಾರಗಳು ಕತ್ತಲಲ್ಲಿ ಆರು ತಿಂಗಳು ನಡೆಯುತ್ತವೆ. ಆದರೆ ದೀಪ, ಅಲಾರಂ, ದಿಕ್ಸೂಚಿ, ಎತ್ತರಮಾಪಕಗಳು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವಿದ್ಯುತ್ತನ್ನು ಕಬಳಿಸುತ್ತವೆ. ಸೌಲಭ್ಯಗಳು ಹೆಚ್ಚಿದಷ್ಟೂ ಕತ್ತಲಿನ ದಾಸ್ತಾನು ಬೇಗ ಕರಗುತ್ತದೆ.

ಬೆಳಕಿನ ಆಯವ್ಯಯ

ನೇರ ಬಿಸಿಲಿನ ಪ್ರಖರತೆ ಸುಮಾರು 1,00,000 ಲಕ್ಸ್. ಮೋಡ ಕವಿದ ಹಗಲಿನಲ್ಲಿ ಬಯಲಿನಲ್ಲಿ 10,000 ಲಕ್ಸ್ ಆಸುಪಾಸು. ಕಚೇರಿಯ ಟ್ಯೂಬ್‌ಲೈಟಿನಡಿಯ ಮೇಜಿನ ಮೇಲೆ ಸುಮಾರು 500 ಲಕ್ಸ್. ಒಂದು ದಿನದ ಖರ್ಚನ್ನು ಗಳಿಸಲು ಬಿಸಿಲಿನಲ್ಲಿ ಕೆಲವೇ ನಿಮಿಷಗಳು ಸಾಕು; ಕಚೇರಿಯ ಬೆಳಕಿನಲ್ಲಿ ಕೆಲವು ಗಂಟೆಗಳು ಬೇಕು. ಪೂರ್ತಿ ಬರಿದಾದ ಕೋಶ ತುಂಬಲು ಕೋಣೆಯ ಬೆಳಕಿನಲ್ಲಿ ನೂರಕ್ಕೂ ಹೆಚ್ಚು ಗಂಟೆಗಳು ಹಿಡಿಯಬಹುದು. ಅಂದರೆ ಕೋಣೆಯ ಬೆಳಕು ದಿನನಿತ್ಯದ ಖರ್ಚಿಗೆ ಸಾಕಾದೀತೇ ಹೊರತು ಉಳಿತಾಯಕ್ಕೆ ಸಾಲದು.

ಮಲೆನಾಡಿನ ಮಳೆಗಾಲವನ್ನು ಈ ಅಳತೆಗೋಲಿನಿಂದ ನೋಡಬಹುದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಂತಹ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಅಪರೂಪ. ಆದರೂ ಬಯಲಿನ ಮೋಡದ ಬೆಳಕೇ ಗಡಿಯಾರಕ್ಕೆ ಧಾರಾಳವಾಯಿತು. ಸಮಸ್ಯೆ ಹುಟ್ಟುವುದು ನಿತ್ಯಹರಿದ್ವರ್ಣ ಕಾಡಿನೊಳಗೆ. ದಟ್ಟ ಕಾಡಿನ ನೆಲಕ್ಕೆ ತಲುಪುವುದು ಮೇಲಿನ ಬೆಳಕಿನ ಶೇಕಡಾ ಒಂದೆರಡು ಪಾಲು ಮಾತ್ರ. ಮೋಡದ ದಿನ ಅದು 100ರಿಂದ 200 ಲಕ್ಸ್‌ಗೆ ಇಳಿಯುತ್ತದೆ. ಮೇಲಾಗಿ ಗಡಿಯಾರ ರೇನ್‌ಕೋಟಿನ ತೋಳಿನೊಳಗೆ ಮುಚ್ಚಿಹೋಗಿರುತ್ತದೆ. ಹೀಗೆ ದಿನವಿಡೀ ತೋಳಿನಡಿಯಲ್ಲಿದ್ದ ಗಡಿಯಾರ ಏನನ್ನೂ ಗಳಿಸುವುದಿಲ್ಲ, ಖರ್ಚನ್ನು ಮಾತ್ರ ಮಾಡುತ್ತದೆ. ಬೇಸಿಗೆಯಲ್ಲಿ ತುಂಬಿಕೊಂಡ ದಾಸ್ತಾನು ಇದ್ದರೆ ನಾಲ್ಕು ತಿಂಗಳ ಮಳೆಗಾಲ ನಿರಾತಂಕವಾಗಿ ಕಳೆಯುತ್ತದೆ. ಜೂನ್ ತಿಂಗಳಿಗೆ ಅರೆಖಾಲಿಯಾಗಿ ಕಾಲಿಟ್ಟ ಗಡಿಯಾರ ಆಗಸ್ಟ್ ಹೊತ್ತಿಗೆ ಕೈಕೊಡಬಹುದು.

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಂತಹ ನೆಲದಾಳದ ಕೆಲಸ ಇನ್ನೊಂದು ಬಗೆಯದು. ಎಂಟು ಗಂಟೆಯ ಪಾಳಿಯ ಕತ್ತಲು ಗಡಿಯಾರಕ್ಕೆ ಲೆಕ್ಕಕ್ಕಿಲ್ಲ. ಆದರೆ ರಾತ್ರಿ ಪಾಳಿ ಮುಗಿಸಿ ಹಗಲಿಡೀ ಮುಚ್ಚಿದ ಕೋಣೆಯಲ್ಲಿ ಮಲಗುವವನ ಗಡಿಯಾರ ವಾರಗಟ್ಟಲೆ ಬೆಳಕು ಕಾಣದಿರಬಹುದು. ಪರಿಹಾರ ಸುಲಭ: ಮಲಗುವ ಮುನ್ನ ಗಡಿಯಾರವನ್ನು ಬಿಚ್ಚಿ, ಡಯಲು ಮೇಲ್ಮುಖವಾಗಿ, ಬೆಳಕು ಬರುವ ಕಿಟಕಿಯ ಬಳಿ ಇಟ್ಟರಾಯಿತು. ಉದುರಿದ ದೂಳು, ಗ್ರೀಸು ಗಾಜಿನ ಮೇಲೆ ಕುಳಿತಿದ್ದರೆ ಅದನ್ನು ಒರೆಸುವುದೂ ಚಾರ್ಜ್ ಮಾಡಿದಂತೆಯೇ.

ಶಾಖದ ತೊಡಕು

ಬೆಳಕು ಬೇಕೆಂದ ಮಾತ್ರಕ್ಕೆ ಗಡಿಯಾರವನ್ನು ಸುಡು ಬಿಸಿಲಿನಲ್ಲಿ ಬಿಡುವುದು ಸಲ್ಲದು. ಬೇಸಿಗೆಯ ಬಳ್ಳಾರಿ, ರಾಯಚೂರುಗಳಲ್ಲಿ ನೆರಳಿನ ಉಷ್ಣತೆಯೇ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮುಚ್ಚಿದ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಅದು ಇನ್ನೂ ಬಹಳ ಏರುತ್ತದೆ. 60 ಡಿಗ್ರಿ ಮೀರಿದ ಶಾಖದಲ್ಲಿ ಚಾರ್ಜ್ ಮಾಡಬಾರದೆಂದು ತಯಾರಕರು ಎಚ್ಚರಿಸುತ್ತಾರೆ. ಅಂತಹ ಶಾಖ ಕೋಶದ ಆಯುಷ್ಯವನ್ನು ಕುಗ್ಗಿಸುತ್ತದೆ, ಅಂಕಿಗಳ ಪರದೆಯನ್ನು ಕಪ್ಪಾಗಿಸುತ್ತದೆ, ರಬ್ಬರ್ ಸೀಲುಗಳನ್ನು ಗಡುಸಾಗಿಸುತ್ತದೆ.

ನಿಖರತೆಯ ಮೇಲೂ ಶಾಖದ ಪ್ರಭಾವವಿದೆ. ಕ್ವಾರ್ಟ್ಸ್ ಸ್ಫಟಿಕವನ್ನು ಸುಮಾರು 25 ಡಿಗ್ರಿಗೆ ಹೊಂದಿಸಿರುತ್ತಾರೆ. ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ಗಡಿಯಾರ ಹಿಂದೆ ಬೀಳುತ್ತದೆ. 45 ಡಿಗ್ರಿಯಲ್ಲಿಯೇ ಸದಾ ಇದ್ದರೆ ದಿನಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ನಿಧಾನವಾಗುತ್ತದೆ. ಮಣಿಕಟ್ಟಿನಲ್ಲಿ ಧರಿಸಿದಾಗ ಮೈಯ ಶಾಖ ಉಷ್ಣತೆಯನ್ನು ಸ್ಥಿರವಾಗಿಡುವುದರಿಂದ, ತಿಂಗಳಿಗೆ 15 ಸೆಕೆಂಡು ಹೆಚ್ಚು ಕಡಿಮೆ ಎಂಬ ಸಾಮಾನ್ಯ ಭರವಸೆ ಬಹುಮಟ್ಟಿಗೆ ಉಳಿಯುತ್ತದೆ. ಕ್ಷೇತ್ರಕಾರ್ಯಕ್ಕೆ ಇಷ್ಟು ನಿಖರತೆ ಧಾರಾಳ.

ನೀರು, ಪೆಟ್ಟು ಮತ್ತು ಲೇಪನ

ಸೌರ ಗಡಿಯಾರದ ನಿಜವಾದ ಲಾಭ ಬ್ಯಾಟರಿಯ ಬೆಲೆಯ ಉಳಿತಾಯವಲ್ಲ. ಸಾಮಾನ್ಯ ಕ್ವಾರ್ಟ್ಸ್ ಗಡಿಯಾರದ ಹಿಂಬದಿಯ ಮುಚ್ಚಳವನ್ನು ಎರಡು ಮೂರು ವರ್ಷಗಳಿಗೊಮ್ಮೆ ತೆರೆಯಬೇಕಾಗುತ್ತದೆ. ಪ್ರತಿ ಬಾರಿಯೂ ರಬ್ಬರ್ ಸೀಲನ್ನು ಬದಲಿಸಿ, ಒತ್ತಡದ ಪರೀಕ್ಷೆ ಮಾಡಿದರೆ ಮಾತ್ರ ಮೊದಲಿನ ಜಲನಿರೋಧಕತೆ ಉಳಿಯುತ್ತದೆ. ಸಣ್ಣ ಊರುಗಳ ರಿಪೇರಿ ಅಂಗಡಿಗಳಲ್ಲಿ ಈ ಪರೀಕ್ಷೆಯ ಸಾಧನ ಇರುವುದು ವಿರಳ. ಬ್ಯಾಟರಿ ಹಾಕಿಸಿಕೊಂಡು ಬಂದ ಗಡಿಯಾರದ ಗಾಜಿನೊಳಗೆ ಮುಂದಿನ ಮಳೆಗಾಲದಲ್ಲಿ ಹಬೆ ಕಟ್ಟುವುದಕ್ಕೆ ಕಾರಣ ಇದೇ. ಸೌರ ಗಡಿಯಾರವನ್ನು ತೆರೆಯುವ ಸಂದರ್ಭಗಳು ಕಡಿಮೆ. ಹೀಗಾಗಿ ಕಾರ್ಖಾನೆಯ ಸೀಲು ಹೆಚ್ಚು ಕಾಲ ಕದಡದೆ ಉಳಿಯುತ್ತದೆ.

ಆದರೆ ಜಲನಿರೋಧಕತೆಯ ಅಂಕಿಗಳನ್ನು ಅಕ್ಷರಶಃ ಓದಬಾರದು. 30 ಮೀಟರ್ ಎಂದು ಬರೆದ ಗಡಿಯಾರ ಸಿಡಿದ ಹನಿಗಳನ್ನು ತಡೆದೀತು, ನದಿ ಈಜುವುದಕ್ಕಲ್ಲ. ಕ್ಷೇತ್ರಕಾರ್ಯಕ್ಕೆ 100 ಮೀಟರ್ ದರ್ಜೆ ಯೋಗ್ಯ. ಮುಳುಗು ಕೆಲಸಕ್ಕಾದರೆ ಐ.ಎಸ್.ಓ. 6425 ಮಾನಕವನ್ನು ಪೂರೈಸಿದ ಗಡಿಯಾರವೇ ಬೇಕು. ಪೆಟ್ಟು ತಾಳುವ ಶಕ್ತಿಗೆ ಐ.ಎಸ್.ಓ. 1413 ಮಾನಕವಿದೆ, ಗಟ್ಟಿ ಮರದ ನೆಲದ ಮೇಲೆ ಒಂದು ಮೀಟರ್ ಎತ್ತರದಿಂದ ಬಿದ್ದಾಗ ಆಗುವಂತಹ ಆಘಾತವನ್ನು ಅದು ಆಧರಿಸಿದೆ. ಬಂಡೆ ಕೊರೆಯುವ ಯಂತ್ರ ಹಿಡಿಯುವವರಿಗೆ ಮುಳ್ಳುಗಳಿಲ್ಲದ ಅಂಕಿಯ ಗಡಿಯಾರ ಹೆಚ್ಚು ಸೂಕ್ತ; ಸತತ ಅದುರಿಕೆಯಿಂದ ಜರುಗಲು ಅದರಲ್ಲಿ ಮುಳ್ಳುಗಳೇ ಇರುವುದಿಲ್ಲ.

ಮಂಗನ ಕಾಯಿಲೆಯ ಭೀತಿಯಿರುವ ಕಾಡುಗಳಲ್ಲಿ ಉಣ್ಣೆ, ಸೊಳ್ಳೆಗಳ ನಿವಾರಣೆಗೆ ಲೇಪನ ಹಚ್ಚಿಕೊಳ್ಳುವುದು ಅನಿವಾರ್ಯ. ಕೆಲವು ಲೇಪನಗಳಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕನ್ನು ಕರಗಿಸುವ ಗುಣ ಹೊಂದಿದೆ. ಪ್ಲಾಸ್ಟಿಕ್ ಗಾಜು ಅದರಿಂದ ಮಸುಕಾದರೆ ಸೌರಕೋಶಕ್ಕೆ ಹೋಗುವ ಬೆಳಕೂ ತಗ್ಗುತ್ತದೆ. ಲೇಪನವನ್ನು ಹಚ್ಚಿ, ಕೈ ಒರೆಸಿಕೊಂಡ ಬಳಿಕವೇ ಗಡಿಯಾರ ಕಟ್ಟಿಕೊಳ್ಳುವುದು ಕ್ಷೇಮ.

ದೋಷವಲ್ಲದ ದೋಷಗಳು

ಅಂಗಡಿಗೆ ಹಿಂತಿರುಗಿ ಬರುವ ಸೌರ ಗಡಿಯಾರಗಳಲ್ಲಿ ಕೆಲವು ಕೆಟ್ಟೇ ಇರುವುದಿಲ್ಲ. ಸೆಕೆಂಡಿನ ಮುಳ್ಳು ಎರಡೆರಡು ಸೆಕೆಂಡು ಜಿಗಿಯತೊಡಗಿದರೆ ಚಾರ್ಜ್ ತಗ್ಗಿದೆ ಎಂಬುದು ಅದರ ಸೂಚನೆ. ಕೆಲವು ಮಾದರಿಗಳು ಬಹುಕಾಲ ಕತ್ತಲಲ್ಲಿದ್ದಾಗ ಮುಳ್ಳುಗಳನ್ನು ಇಲ್ಲವೇ ಪರದೆಯನ್ನು ನಿಲ್ಲಿಸಿ, ಒಳಗೊಳಗೆ ಕಾಲವನ್ನು ಎಣಿಸುತ್ತಿರುತ್ತವೆ. ಬೆಳಕಿಗೆ ತಂದೊಡನೆ ಸರಿಯಾದ ವೇಳೆ ತೋರಿಸುತ್ತವೆ. ಪೂರ್ತಿ ಬರಿದಾಗಿ ನಿಂತ ಗಡಿಯಾರ ಮಾತ್ರ ಬೆಳಕು ಕಂಡೊಡನೆ ತಪ್ಪು ವೇಳೆಯಿಂದಲೇ ಹೊರಡಬಹುದು. ಅಪಾಯವಿರುವುದು ಇಲ್ಲಿಯೇ, ಏಕೆಂದರೆ ನಡೆಯುತ್ತಿರುವ ಗಡಿಯಾರವನ್ನು ಯಾರೂ ಸಂಶಯಿಸುವುದಿಲ್ಲ. ಒಮ್ಮೆ ನಿಂತ ಗಡಿಯಾರವನ್ನು ವೇಳೆ ಹೊಂದಿಸದೆ ಕೆಲಸಕ್ಕೆ ಕಟ್ಟಿಕೊಂಡು ಹೋಗಬಾರದು.

ಚಾರ್ಜ್ ಆಗುವ ಕೋಶಕ್ಕೂ ಮುಪ್ಪು ತಪ್ಪಿದ್ದಲ್ಲ. ಹಲವು ವರ್ಷಗಳ ನಂತರ ಅದನ್ನು ಬದಲಿಸಬೇಕಾಗಿ ಬಂದರೆ ತಯಾರಕರು ಸೂಚಿಸಿದ ಕೋಶವನ್ನೇ ಹಾಕಿಸಬೇಕು. ಅಳತೆ ಸರಿಹೊಂದಿತೆಂದು ಸಾಮಾನ್ಯ ಬಟನ್ ಸೆಲ್ ತುರುಕಿದರೆ, ಚಾರ್ಜ್ ಆಗಲಾರದ ಆ ಸೆಲ್ ಸೋರಿ ಅಥವಾ ಒಡೆದು ಇಡೀ ಯಂತ್ರವನ್ನೇ ಹಾಳುಮಾಡುತ್ತದೆ.

ಖರೀದಿದಾರರಿಗೂ ವರ್ತಕರಿಗೂ

ರೇಡಿಯೋ ಸಂಕೇತದಿಂದ ವೇಳೆಯನ್ನು ತಾನೇ ತಿದ್ದಿಕೊಳ್ಳುವ ಸೌಲಭ್ಯಕ್ಕೆ ಹೆಚ್ಚಿನ ಬೆಲೆ ತೆರುವ ಮುನ್ನ ಯೋಚಿಸಬೇಕು. ಆ ಗಡಿಯಾರಗಳು ಅವಲಂಬಿಸುವ ದೀರ್ಘತರಂಗ ಕೇಂದ್ರಗಳು ಜಪಾನ್, ಚೀನಾ, ಅಮೆರಿಕ, ಬ್ರಿಟನ್ ಮತ್ತು ಜರ್ಮನಿಗಳಲ್ಲಿವೆ. ಕರ್ನಾಟಕದಲ್ಲಿ ಅವುಗಳನ್ನು ನೆಚ್ಚುವಂತಿಲ್ಲ. ಉಪಗ್ರಹದಿಂದ ವೇಳೆ ಪಡೆಯುವ ಮಾದರಿಗಳು ಇಲ್ಲಿ ಕೆಲಸ ಮಾಡುತ್ತವೆಯಾದರೂ ತೆರೆದ ಆಕಾಶ ಬೇಕು. ನೆಲದಾಳದಲ್ಲಿ ಅವು ನಿರುಪಯೋಗಿ.

ಸಗಟಾಗಿ ಕೊಳ್ಳುವ ಸಂಸ್ಥೆಗಳು ಸರಳ ಸೌಲಭ್ಯಗಳ, 100 ಮೀಟರ್ ಜಲನಿರೋಧಕತೆಯ, ಚಾರ್ಜಿನ ಮಟ್ಟ ತೋರಿಸುವ ಮಾದರಿಯನ್ನು ಆರಿಸುವುದು, ಮೇ ತಿಂಗಳಲ್ಲಿ ಎಲ್ಲ ಗಡಿಯಾರಗಳ ಚಾರ್ಜನ್ನು ತಪಾಸಣೆ ಮಾಡಿಸುವುದು, ವಾರಕ್ಕೊಮ್ಮೆ ವೇಳೆಯನ್ನು ತಾಳೆ ನೋಡುವ ರೂಢಿ ಇಟ್ಟುಕೊಳ್ಳುವುದು ಅಗತ್ಯ. ವರ್ತಕರ ಹೊಣೆಯೂ ಕಡಿಮೆಯದಲ್ಲ. ರಟ್ಟಿನ ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ಕತ್ತಲಲ್ಲಿ ಕುಳಿತ ಸರಕಿನ ಕೋಶ ಗಿರಾಕಿಯ ಕೈ ಸೇರುವ ಮುನ್ನವೇ ದುರ್ಬಲವಾಗಿರುತ್ತದೆ. ದಾಸ್ತಾನನ್ನು ಸರದಿಯಂತೆ ಹೊರತೆಗೆದು ಬೆಳಕಿಗೆ ಇಡುವುದು, ಪೂರ್ತಿ ಚಾರ್ಜ್ ಮಾಡಿಯೇ ಮಾರುವುದು, ಬಳಕೆಯ ಕ್ರಮವನ್ನು ಕನ್ನಡದಲ್ಲಿ ತಿಳಿಸಿಹೇಳುವುದು ಅವರ ಕರ್ತವ್ಯ.

ಒಟ್ಟಿನಲ್ಲಿ, ಕಠಿಣ ಕ್ಷೇತ್ರಕಾರ್ಯಕ್ಕೆ ಸೌರ ಕೈಗಡಿಯಾರ ನಂಬಿಕೆಗೆ ಅರ್ಹವಾದ ಸಾಧನ. ಆದರೆ ಬ್ಯಾಟರಿ ಬದಲಿಸುವ ಗೋಜಿಲ್ಲ ಎಂಬುದನ್ನು ಆರೈಕೆಯೇ ಬೇಡ ಎಂದು ತಿಳಿಯಬಾರದು. ಹಿಂದೆ ಪ್ರತಿದಿನ ಬೆಳಗ್ಗೆ ಗಡಿಯಾರಕ್ಕೆ ಕೀ ಕೊಡುವ ಅಭ್ಯಾಸವಿತ್ತು. ಅದರ ಜಾಗದಲ್ಲಿ ಈಗ ಬೆಳಕಿಗೆ ಇಡುವ ಅಭ್ಯಾಸ ಬರಬೇಕಾಗಿದೆ.